ಅರ್ಧಕ್ಕೆ ನಿಂತ ಮುಳ್ಳು

ಹೊಳಲ್ಕೆರೆ ದಾರಿಯ ಏರಿನಲ್ಲಿ
ಒಂದು ಹೊಂಗೆ ಮರ. ನನ್ನ ಪದ್ಮಿನಿಗೆ ಅದರ ಗುರುತು
ನನಗಿಂತ ಚೆನ್ನಾಗಿತ್ತು.
ಹಿಂದಿನ ಸೀಟಿನಲ್ಲಿ ಎರಡು ಹಾರ್ನು, ಡಿಕ್ಕಿಯಲ್ಲಿ ಆಂಪ್ಲಿಫೈಯರು,
ಯಾರದೋ ಮದುವೆಗೆ ಮೈಕ್ ಕಟ್ಟಲು ಹೊರಟವನು ನಾನು,
ಮರ ಕಂಡೊಡನೆ ಮುಳ್ಳು ಕೆಂಪಿಗೆ ಹಾರಿ
ಬಾನೆಟ್ಟಿನ ಸಂದಿಯಿಂದ ಹಬೆ.

ಹನ್ನೊಂದು ವರ್ಷ ಹೀಗೇ.
ಕೈಗೆ ಗೋಣಿ ಸುತ್ತಿ ಮುಚ್ಚಳ ತಿರುವುವುದು,
ಆದರೂ ಸುಟ್ಟುಕೊಳ್ಳುವುದು, ಬೈಯುವುದು,
ಕ್ಯಾನಿನ ನೀರು ಹೊಯ್ದು
ಉಳಿದದ್ದನ್ನು ಮರದ ಬುಡಕ್ಕೆ ಚೆಲ್ಲಿ
ಬೀಡಿ ಹಚ್ಚಿ ಕೂರುವುದು.
ಅತ್ತ ಮುಹೂರ್ತ ಬಂದು
ಮೈಕಿಲ್ಲದೆ ಗಂಟಲು ಹರಿದುಕೊಳ್ಳುವ ಅಯ್ಯನೋರು.

ಸಲಹೆಗೇನು ಬರವೇ?
ಥರ್ಮೋಸ್ಟಾಟ್ ಕಿತ್ತೆಸೆ ಎಂದ ಒಬ್ಬ; ಎಸೆದೆ.
ಗ್ರಿಲ್ ಬಿಚ್ಚಿಡು, ಗಾಳಿಯಾಡಲಿ ಎಂದ ಇನ್ನೊಬ್ಬ; ಬಿಚ್ಚಿದೆ,
ಹಲ್ಲುದುರಿದ ಮುದುಕನಂತೆ ಕಂಡಿತು ಗಾಡಿ.
ನಿಂಬೆಹಣ್ಣು ಕಟ್ಟು ಎಂದಳು ಅತ್ತಿಗೆ.
ಕಟ್ಟಿದೆ. ನಿಂಬೆಹಣ್ಣೂ ಬೆಂದಿತು.

ಕೊನೆಗೆ ಚಳ್ಳಕೆರೆ ಗೇಟಿನ ಗೌಸ್ ಪೀರ್.
ಬೇವಿನ ನೆರಳು, ಸೀಸದ ವಾಸನೆ, ಒಂದು ಬ್ಲೋ ಲ್ಯಾಂಪು.
ರೇಡಿಯೇಟರಿನ ತಲೆಯ ಬೆಸುಗೆ ಬಿಡಿಸಿ
ಕನ್ನಡಕ ಹಣೆಗೇರಿಸಿ ಇಣುಕಿದ.
"ಓಬಳೇಶಣ್ಣ, ಯಾವ ನೀರು ಹಾಕ್ತಿದ್ದೆ?"
"ಬೋರಿಂದು."
ಏನೂ ಅನ್ನಲಿಲ್ಲ. ತುಟಿ ಸರಿಸಿ ತನ್ನ ಹಲ್ಲು ತೋರಿಸಿದ:
ಹಳದಿ ಗೆರೆ, ಕಂದು ಮಚ್ಚೆ.
ನಾನೂ ತೋರಿಸಿದೆ. ಒಂದೇ ಅಂಗಡಿಯ ಮಾಲು.
ಕೊಳವೆಗಳೊಳಗೂ ಆ ನೀರಿನದೇ ಬಿಳಿ ಪೊರೆ,
ನಲವತ್ತರಲ್ಲಿ ಇಪ್ಪತ್ತಾರು ಕಟ್ಟಿಹೋಗಿದ್ದವು.

ಮೂರು ದಿನ ನಾನಲ್ಲೇ.
ಎರಡು ಸಾಲಿನ ಕೋರು ಹೋಗಿ ಮೂರು ಸಾಲಿನದು ಬಂತು.
ಬ್ಲಾಕಿನೊಳಗೆ ಹುಣಸೆರಸ ಬಿಟ್ಟು ರಾತ್ರಿಯಿಡೀ ನೆನೆಸಿ
ಬೆಳಿಗ್ಗೆ ಪೈಪು ಬಿಟ್ಟರೆ
ರಾಗಿ ಗಂಜಿಯಂಥ ಕೆಸರು ಚರಂಡಿಗೆ.
ಕೆಳಗಿನ ಹೋಸು, ಎಕ್ಸಿಲರೇಟರ್ ಒತ್ತಿದೊಡನೆ
ಉಪವಾಸದ ಹೊಟ್ಟೆಯಂತೆ ಒಳಕ್ಕೆಳೆದುಕೊಳ್ಳುತ್ತಿತ್ತು;
ಹೊಸದರೊಳಗೆ ಒಂದು ಸ್ಪ್ರಿಂಗು ತುರುಕಿದ.
ಗುಜರಿ ಓಮ್ನಿಯ ಕರೆಂಟ್ ಫ್ಯಾನು, ಅದರ ಸುತ್ತ
ಎಣ್ಣೆ ಡಬ್ಬಿ ಕತ್ತರಿಸಿ ಬಡಿದ ತಗಡಿನ ಬಳೆ.
"ಗಾಳಿ ಕಳ್ಳ ಇದ್ದಂಗೆ. ಸಂದಿ ಬಿಟ್ರೆ ಅಲ್ಲೇ ನುಸೀತದೆ."

ಆಮೇಲೆ ಜೇಬಿನಿಂದ ತೆಗೆದ
ಹಿತ್ತಾಳೆಯದೊಂದು ಪುಟ್ಟ ಕಣ್ಣು: ಥರ್ಮೋಸ್ಟಾಟು.
"ಬ್ಯಾಡ ಮಾರಾಯ, ತಣ್ಣಗಿರ್ಲಿ ಅಂತಾನೇ ಎಸೆದಿದ್ದು."
"ಸುಮ್ನಿರಣ್ಣ. ಇಂಜಿನ್ನಿಗೂ ಒಂದಿಷ್ಟು ಬಿಸಿ ಬೇಕು,
ಮೈ ಕಾಯದೆ ಓಡಿದ್ರೆ ಬರೀ ಪೆಟ್ರೋಲ್ ಕುಡೀತದೆ.
ಎಂಬತ್ತೆರಡಕ್ಕೆ ತಾನೇ ಬಾಗಿಲು ತೆಗೀತದೆ, ನೋಡ್ತಿರು."
ಮಾಳಿಗೆಯಿಂದ ಇಳಿಸಿಟ್ಟ ಮಳೆನೀರಿನ ಡ್ರಮ್ಮು,
ಅದರಿಂದ ಮೊಗೆದು ಹಸಿರು ಕೂಲೆಂಟು ಬೆರೆಸಿದ.
ಅದೇ ಡ್ರಮ್ಮಿನ ನೀರಲ್ಲಿ ಅವನ ಮನೆಯಾಕೆ
ನಮಗಿಬ್ಬರಿಗೂ ಚಹಾ ಕಾಸಿ ಕಳಿಸಿದ್ದಳು.
ಚಹಾ ಅಂದರೆ ಹೀಗೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಅದೇ ಏರು, ಮೇ ತಿಂಗಳ ಬಿಸಿಲು,
ಸೆಕೆಂಡ್ ಗೇರು.
ಮುಳ್ಳು ಅರ್ಧಕ್ಕೆ ಬಂತು. ನಿಂತಿತು.
ಮುಂದೆಲ್ಲೋ ಕ್ಲಿಕ್ಕೆಂದು ಫ್ಯಾನು ತಿರುಗತೊಡಗಿತು,
ನನ್ನನ್ನು ಕೇಳದೆಯೇ.
ಹೊಂಗೆ ಮರ ಬಂತು, ಹಿಂದಕ್ಕೆ ಹೋಯಿತು,
ಕನ್ನಡಿಯೊಳಗೆ ಸಣ್ಣದಾಯಿತು.

ಬ್ರೇಕ್ ಹಾಕಿದೆ. ರಿವರ್ಸ್ ಬಂದೆ.
ಬಾನೆಟ್ ಎತ್ತಿ ಸುಮ್ಮನೆ ನಿಂತೆ.
ಬೈಕಿನವನೊಬ್ಬ ನಿಲ್ಲಿಸಿದ: "ಕುದೀತಾ ಅಣ್ಣ?"
"ಇಲ್ಲ."
"ಮತ್ತೆ?"
ಡಿಕ್ಕಿಯಿಂದ ಕ್ಯಾನು ಇಳಿಸಿ
ಮರದ ಬುಡಕ್ಕೆ ಬಗ್ಗಿಸಿದೆ, ಅಷ್ಟೂ.
"ಇದಕ್ಕೆ ಅಭ್ಯಾಸ ಆಗಿದೆ" ಅಂದೆ.
ಅವನು ನನ್ನನ್ನೂ ಮರವನ್ನೂ ನೋಡಿ ಕಿಕ್ ಹೊಡೆದ.

ಗಡಿಯಾರ ನೋಡಿಕೊಂಡೆ.
ಲಗ್ನಕ್ಕೆ ಇನ್ನೂ ಎರಡು ತಾಸು.